ಲಾಭದ ಸುತ್ತು

ಈ ಸಲ ಸಂಕ್ರಾಂತಿ ಮುಗಿದ ಮೇಲೆ ಅಕ್ಕನ ಬಸುರಿ ಮಗಳ ಕುಬುಸಕ್ಕೆಂದು ಸಿಂಧನೂರಿಗೆ ಹೋಗಿದ್ದೆ. ಸೀರೆ, ಹಣ್ಣಿನ ಬುಟ್ಟಿ, ಬಳೆ ಡಬ್ಬಿಗಳ ಜೊತೆಗೆ ನನ್ನ ಸ್ಕೇಟ್‌ಗಳನ್ನೂ ಕಾರಿನ ಡಿಕ್ಕಿಯಲ್ಲಿಟ್ಟಾಗ, ಕುಬುಸದ ಮನೆಗೆ ಗಾಲಿ ಕಟ್ಟಿಕೊಂಡು ಹೋಗುತ್ತೀಯಾ ಎಂದು ಮಗಳು ನಕ್ಕಳು. ಹದಿನೈದು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಹೇಳಿಕೊಡುತ್ತಿರುವ ನನಗೆ ಇಂಥ ನಗು ಹೊಸದಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಅಪ್ಪ ತನ್ನ ಆಯುಷ್ಯವನ್ನೆಲ್ಲ ಸವೆಸಿದ ರೈಸ್‌ಮಿಲ್ಲಿಗೆ ಹೋದೆ.

ಗೇಟಿನ ಹತ್ತಿರ ಬರುತ್ತಿದ್ದಂತೆ ಹಬೆಯಲ್ಲಿ ಬೆಂದ ಭತ್ತದ ವಾಸನೆ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂದದ್ದು ವಾಸನೆಯ ಖಾರಕ್ಕೆ ಎಂದು ಕಾವಲುಗಾರನಿಗೆ ಹೇಳಿದೆ. ಭತ್ತ ಒಣಗಿಸಲು ಈಗ ಯಂತ್ರ ಬಂದಿದೆ. ಹಿಂದೆ ಭತ್ತ ಹರವುತ್ತಿದ್ದ ದೊಡ್ಡ ಸಿಮೆಂಟ್ ಕಣದ ಅರ್ಧದಲ್ಲಿ ಲಾರಿಗಳು ನಿಲ್ಲುತ್ತವೆ, ಉಳಿದರ್ಧ ಬಿರುಕು ಬಿಟ್ಟು ಗರಿಕೆ ಎದ್ದಿದೆ. ಬಿರುಕು ತಪ್ಪಿಸಿಕೊಂಡು ಓಡುವಷ್ಟು ಜಾಗ ಇನ್ನೂ ಇತ್ತು.

ನನ್ನ ಮುಂಗೈಯಲ್ಲಿ ಮಗಳು ಕೊಡಿಸಿದ ಕ್ರೀಡಾ ಗಡಿಯಾರವಿತ್ತು. ಎಷ್ಟು ಸುತ್ತು, ಎಷ್ಟು ವೇಗ, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಎಂಬುದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ಗಡಿಯಾರ. ಸ್ಕೇಟ್ ಕಟ್ಟಿಕೊಂಡು, ಅದನ್ನು ಒತ್ತದೆ ಮೊದಲ ಸುತ್ತು ಹಾಕಿದೆ. ಹೊರಟ ಜಾಗಕ್ಕೆ ಬಂದಾಗ ಕೈಯನ್ನು ಹಣೆಗೆ ಮುಟ್ಟಿಸಿ, ಆಮೇಲೆ ಗುಂಡಿ ಒತ್ತಿದೆ. ನನ್ನ ಹತ್ತಿರ ಕಲಿಯುವ ಮಕ್ಕಳಿಗೂ ಹೀಗೆಯೇ ಕಲಿಸಿದ್ದೇನೆ. ಮೇಡಂ, ಆ ಒಂದು ಸುತ್ತು ಸುಮ್ಮನೆ ಹೋಯಿತಲ್ಲ ಎಂದು ಅವರು ಕೇಳುತ್ತಾರೆ. ಮೈ ಬಿಸಿಯಾಗಲಿ ಅಂತ ಎಂದು ತಪ್ಪಿಸಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಒಂದಿಡೀ ಮಳೆಗಾಲದ ಕತೆ ಹೇಳಬೇಕಾಗುತ್ತದೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಅದು. ನಾನು ಎಂಟನೇ ಕ್ಲಾಸು. ಹೆಸರು ಸರ್ವಮಂಗಳಾ, ಕರೆಯುವುದು ಸರ್ವಿ. ಅಪ್ಪ ಮಿಲ್ಲಿನ ಮೇಸ್ತ್ರಿ. ಇಂಜಿನ್ನು, ಬಾಯ್ಲರು, ಬೆಲ್ಟು ಎಲ್ಲವೂ ಅವನ ಕೈಯಲ್ಲಿ. ಮಿಲ್ಲಿನ ಹಿಂಬದಿಯಲ್ಲೇ ನಮಗೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ವರ್ಷಗಟ್ಟಲೆ ಯಂತ್ರದ ಗದ್ದಲದಲ್ಲಿದ್ದು ಅಪ್ಪನ ಕಿವಿ ಅಷ್ಟೊತ್ತಿಗಾಗಲೇ ಮಂದವಾಗಿತ್ತು. ಹತ್ತಿರ ಬಂದು ಕೂಗಿದರೆ ಕೇಳಿಸುತ್ತಿತ್ತು, ದೂರದ್ದು ಇಲ್ಲ. ತನಗೆ ಕೇಳಿಸದ್ದು ಯಾರಿಗೂ ಕೇಳಿಸುವುದಿಲ್ಲ ಎಂದು ತಿಳಿದೋ ಏನೋ, ಗುಟ್ಟಿನ ಮಾತನ್ನೂ ಅವನು ಗೇಟಿನ ಆಚೆಗೆ ಮುಟ್ಟುವಂತೆ ಹೇಳುತ್ತಿದ್ದ.

ನಾನು ಯಾವುದರಲ್ಲೂ ಲೆಕ್ಕಕ್ಕೆ ಬರುವ ಹುಡುಗಿಯಾಗಿರಲಿಲ್ಲ. ಗಣಿತದಲ್ಲಿ ದಡ್ಡಿ, ಹಾಡಿನಲ್ಲಿ ಗೊಗ್ಗರು ದನಿ, ಖೋ ಖೋ ಆಟದಲ್ಲಿ ಎಲ್ಲರಿಗಿಂತ ಮೊದಲು ಔಟಾಗುವವಳು. ಹಾಜರಿ ಕರೆಯುವಾಗ ಬಿಟ್ಟರೆ ಕ್ಲಾಸಿನಲ್ಲಿ ನನ್ನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಂಥವಳ ಕೈಗೆ ಆ ಬೇಸಿಗೆಯಲ್ಲಿ ಬೆಳಗಾವಿಯ ಸೋದರತ್ತೆ ತನ್ನ ಮಗನಿಗೆ ಸಣ್ಣದಾದ ಒಂದು ಜೋಡಿ ಸ್ಕೇಟ್ ಕೊಟ್ಟಳು. ಒಂದೇ ಸಾಲಿನಲ್ಲಿ ನಾಲ್ಕು ಗಾಲಿ ಇರುವಂಥದ್ದು. ಅವನಿಗೆ ಸಣ್ಣದಾದರೂ ನನಗೆ ಎರಡು ಬೆರಳು ದೊಡ್ಡದಾಗಿತ್ತು. ಅವ್ವ ಮಸ್ಕಿಯ ತವರಿನಿಂದ ತಂದಿದ್ದ ಹತ್ತಿಯನ್ನು ಮುಂದುಗಡೆ ತುಂಬಿ, ಕಾಲು ಮುರಕೊಂಡರೆ ಮಾತ್ರ ನನ್ನ ಹತ್ತಿರ ಬರಬೇಡ ಎಂದಳು. ಅಪ್ಪ ಗಾಲಿಗಳನ್ನು ಬಿಚ್ಚಿ, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಹಚ್ಚಿ, ಕಿವಿ ಹತ್ತಿರ ಹಿಡಿದು ತಿರುಗಿಸಿ ನೋಡಿದ. ಅವನಿಗೆ ಕೇಳಿಸಲಿಲ್ಲ. ಕೇಳಿಸದಿದ್ದರೆ ಚೆನ್ನಾಗಿದೆ ಎಂದೇ ಅರ್ಥ ಎಂದ.

ಬೇಸಿಗೆ ಬೆಳೆಯ ಭತ್ತ ಮುಗಿದು ಮುಂಗಾರಿನ ಭತ್ತ ಬರುವವರೆಗೆ ನಮ್ಮ ಕಣ ಖಾಲಿ. ಇಡೀ ತಾಲೂಕಿನಲ್ಲಿ ಅಷ್ಟು ನುಣುಪಾದ ನೆಲ ಇನ್ನೊಂದಿರಲಿಲ್ಲ. ಮೊದಲ ವಾರ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಒಂದು ದಿನ ಕಾಲು ತಾನಾಗಿ ಹದಕ್ಕೆ ಬಂತು. ಒಣಗಲು ಹಾಕಿದ ಭತ್ತವನ್ನು ತಿರುವುವ ಹೆಂಗಸರು ಬರಿಗಾಲನ್ನು ನೆಲದಿಂದ ಎತ್ತದೆ, ಒಂದಾದ ಮೇಲೊಂದು ಓರೆಯಾಗಿ ಹೊರಕ್ಕೆ ತಳ್ಳುತ್ತ ಸಾಲು ಎಳೆಯುತ್ತಾರೆ. ಸಣ್ಣವಳಿದ್ದಾಗಿನಿಂದ ಅವರ ಹಿಂದೆ ಹಾಗೆಯೇ ನಡೆದಿದ್ದೆ. ಸ್ಕೇಟಿಂಗ್‌ಗೆ ಬೇಕಾದ ತಳ್ಳು ಅದೇ ಆಗಿತ್ತು. ಕಲಿಯುವ ಮೊದಲೇ ನನ್ನ ಕಾಲು ಕಲಿತುಬಿಟ್ಟಿತ್ತು.

ನಮ್ಮ ಶಾಲೆಯ ಪಿ.ಟಿ. ಟೀಚರ್ ಶಾಂತಾ ಲಿಂಗಸುಗೂರಿನವರು. ಬೆಳಗಾವಿಯಲ್ಲಿ ಓದಿದ್ದರಿಂದ ಸ್ಕೇಟಿಂಗ್ ಕಂಡಿದ್ದರು. ಹುಡುಗಿಯರು ಹೇಳಿದ ಚಾಡಿ ಕೇಳಿ ಒಂದು ಸಂಜೆ ಮಿಲ್ಲಿಗೆ ಬಂದವರು, ಕಣದ ದಂಡೆಯ ಮೇಲೆ ಕುಳಿತು ನಾನು ಓಡುವುದನ್ನು ಬಹಳ ಹೊತ್ತು ನೋಡಿದರು. ದೀಪಾವಳಿಯಾದ ಮೇಲೆ ಗುಲಬರ್ಗಾದಲ್ಲಿ ರಾಜ್ಯಮಟ್ಟದ ಸ್ಪರ್ಧೆಗೆ ಹುಡುಗಿಯರ ಆಯ್ಕೆ ಇದೆ, ಸಾವಿರ ಮೀಟರು ಎಂದರು. ಎರಡೂವರೆ ನಿಮಿಷದೊಳಗೆ ಓಡುವಂತಾದರೆ ಮಾತ್ರ ಹೆಸರು ಕಳಿಸುತ್ತೇನೆ, ಹತ್ತು ಜನರ ಮುಂದೆ ನಗೆಪಾಟಲಾಗಲು ಕಳಿಸುವುದಿಲ್ಲ ಎಂದೂ ಹೇಳಿದರು. ದೀಪಾವಳಿಯ ಹೊತ್ತಿಗೆ ಹೆಸರು ಹೋಗಬೇಕಿತ್ತು. ಟೇಪು ಹಿಡಿದು ಅಳೆದು, ನಾಲ್ಕು ಮೂಲೆಗೆ ನಾಲ್ಕು ಖಾಲಿ ಡಬ್ಬಿ ಇಟ್ಟು, ಸರಿಯಾಗಿ ನೂರು ಮೀಟರಿನ ಸುತ್ತು ಮಾಡಿಕೊಟ್ಟು ಹೋದರು. ಹತ್ತು ಸುತ್ತು, ಎರಡೂವರೆ ನಿಮಿಷ. ಆ ಮಳೆಗಾಲದಲ್ಲಿ ನನಗೆ ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ.

ಗಡಿಯಾರ ಅಪ್ಪನದು. ಭತ್ತಕ್ಕೆ ಎಷ್ಟು ಹೊತ್ತು ಹಬೆ ಬಿಡಬೇಕೆಂದು ನೋಡಲು ಹೊಸಪೇಟೆಯಲ್ಲಿ ಕೊಂಡಿದ್ದ ಕರಿ ಪ್ಲಾಸ್ಟಿಕ್ಕಿನ ಕೈಗಡಿಯಾರ. ಬಲಗಡೆಯ ಗುಂಡಿ ಒತ್ತಿದರೆ ಸೆಕೆಂಡು ಓಡುತ್ತಿದ್ದವು, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತಿದ್ದವು. ಸುತ್ತು ಎಣಿಸುವ ಕೆಲಸಕ್ಕೆ ನಾನು ಯಾರನ್ನೂ ಕರೆಯಲಿಲ್ಲ, ಅಮರಪ್ಪ ತಾತ ತಾನೇ ಬಂದು ನಿಂತ.

ಅಮರಪ್ಪ ತಾತ ಮಿಲ್ಲಿನಲ್ಲಿ ಚೀಲ ಎಣಿಸುವವನು. ಒಳಗೆ ಬರುವ ಭತ್ತದ ಚೀಲ, ಹೊರಗೆ ಹೋಗುವ ಅಕ್ಕಿ ಚೀಲ, ತೌಡಿನ ಚೀಲ, ಎಲ್ಲವೂ ಅವನ ಬಾಯಿಂದ ದಾಟಿಯೇ ಹೋಗಬೇಕು. ಓದು ಬರಹ ಇಲ್ಲ. ಆದರೆ ಮೂವತ್ತು ವರ್ಷದಲ್ಲಿ ಅವನ ಎಣಿಕೆ ಒಂದು ಚೀಲದಷ್ಟೂ ತಪ್ಪಿರಲಿಲ್ಲ. ರೈತರು ಮತ್ತು ಮಿಲ್ಲಿನವರ ನಡುವೆ ತಕರಾರು ಬಂದಾಗ ಅಮರಪ್ಪ ಎಷ್ಟು ಅಂದಾನ ಎಂದು ಎರಡೂ ಕಡೆಯವರು ಕೇಳುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನಿಗೆ ಇದ್ದದ್ದು ಆ ಹೆಸರು, ಹೆಗಲ ಮೇಲಿನ ಒಂದು ಕೆಂಪು ಟವೆಲ್ಲು, ಮತ್ತೆ ಗುರುಗುಂಟಾದ ಅಮರೇಶ್ವರ.

ದಿನಾ ಬೆಳಗಿನ ಆರು ಗಂಟೆಗೆ ನಮ್ಮ ಮೂವರ ಕೆಲಸ ಶುರುವಾಗುತ್ತಿತ್ತು. ಅದಕ್ಕಿಂತ ಮೊದಲೇ ತಾತ ಬಾರಿಗೆ ಹಿಡಿದು ಕಣ ಗುಡಿಸಿರುತ್ತಿದ್ದ. ಗಾಲಿಯ ಕೆಳಗೆ ಒಂದೇ ಒಂದು ಭತ್ತದ ಕಾಳು ಸಿಕ್ಕರೂ ನಾನು ಬೀಳುತ್ತೇನೆ ಎಂದು ಯಾರೋ ಹೇಳಿದ್ದರು. ಮಳೆ ಬಂದ ಮರುದಿನ ನೀರನ್ನೂ ಅವನೇ ಬಳಿಯುತ್ತಿದ್ದ. ನಮ್ಮ ಕಡೆ ಮಳೆಗಾಲವೆಂದರೆ ಮಳೆಗಿಂತ ಕಾಲುವೆ ನೀರಿನದೇ ಕಾರಭಾರ. ಗೋಡೆಯ ಆಚೆ ಗದ್ದೆಗಳಲ್ಲಿ ನಾಟಿಯ ಹೆಂಗಸರು ಬಗ್ಗಿರುತ್ತಿದ್ದರು, ಈಚೆ ಕಣದಲ್ಲಿ ನಾನು ಬಗ್ಗಿ ಓಡುತ್ತಿದ್ದೆ.

ಅಪ್ಪ ಗೆರೆಯ ಹತ್ತಿರ ಸ್ಟೂಲಿನ ಮೇಲೆ ಕುಳಿತು, ನಾನು ಹೊರಟ ಕೂಡಲೇ ಗುಂಡಿ ಒತ್ತುತ್ತಿದ್ದ. ತಾತ ಎದುರಿಗೆ ಟವೆಲ್ಲನ್ನು ಮೇಲೆತ್ತಿ ಹಿಡಿದು ನಿಲ್ಲುತ್ತಿದ್ದ. ತುಟಿಯಲ್ಲೇ ಎಣಿಸುತ್ತ, ಹತ್ತು ಮುಗಿದಾಗ ಟವೆಲ್ಲನ್ನು ಕೆಳಗೆ ಬೀಸುತ್ತಿದ್ದ. ಕಿವಿ ಕೇಳದ ಅಪ್ಪ ಟವೆಲ್ಲು ನೋಡಿ ಗಡಿಯಾರ ನಿಲ್ಲಿಸುತ್ತಿದ್ದ. ನನಗೋ ಗಾಲಿಯ ಖರಖರ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಶುರುವಿನಲ್ಲಿ ನಾನೂ ಎಣಿಸಲು ನೋಡಿದೆ. ಏದುಸಿರಿನಲ್ಲಿ ಐದೋ ಆರೋ ಎಂದು ಗೊಂದಲವಾಗಿ ಮೂಲೆಯಲ್ಲಿ ಮುಗ್ಗರಿಸಿದೆ.

"ಎಣಿಸೋದು ನಂದು, ಓಡೋದು ನಿಂದು," ಎಂದ ತಾತ. "ಎರಡೂ ನೀನ ಮಾಡಿದ್ರ ನಾ ಯಾಕ ಬೇಕು?"

ಅಂದಿನಿಂದ ಎಣಿಸುವುದನ್ನು ಬಿಟ್ಟೆ. ಟವೆಲ್ಲು ಬೀಳುವವರೆಗೆ ಓಡುವುದು, ಅಷ್ಟೇ. ಓಟ ಮುಗಿದ ಮೇಲೆ ಅಪ್ಪ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ನೆಲ ಒಣಗಿತ್ತೋ ಒದ್ದೆಯೋ, ನಾನು ಬಿದ್ದೆನೋ ಇಲ್ಲವೋ ಎಂದು ಬರೆಯುತ್ತಿದ್ದ. ಬಾಯ್ಲರಿನ ಲೆಕ್ಕವನ್ನೂ ಅವನು ಅಷ್ಟೇ ನಿಷ್ಠೆಯಿಂದ ಬರೆಯುತ್ತಿದ್ದ. ಆ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ.

ಶ್ರಾವಣದಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡು ಇದ್ದದ್ದು ಗಣೇಶ ಚೌತಿಗೆ ಮೂರು ನಿಮಿಷಕ್ಕೆ ಬಂತು. ದಸರೆಯ ಹೊತ್ತಿಗೆ ಎರಡು ನಿಮಿಷ ನಲವತ್ತೊಂದು. ಅಲ್ಲಿಗೆ ನಿಂತಿತು. ಒಂದು ದಿನ ನಲವತ್ತೆರಡು, ಮರುದಿನ ನಲವತ್ತೊಂದು, ಮತ್ತೆ ನಲವತ್ತೊಂದು. ನಾನು ಊಟ ಹೆಚ್ಚು ಮಾಡಿದೆ, ಆಮೇಲೆ ಕಡಿಮೆ ಮಾಡಿದೆ. ಜಡೆ ಗಾಳಿಗೆ ಅಡ್ಡ ಬರುತ್ತದೆಂದು ಬಿಗಿಯಾಗಿ ಗಂಟು ಹಾಕಿದೆ. ಆ ಹನ್ನೊಂದು ಸೆಕೆಂಡು ಜಪ್ಪಯ್ಯ ಅಂದರೂ ಜಾಗ ಬಿಟ್ಟು ಕದಲಲಿಲ್ಲ. ದೀಪಾವಳಿಗೆ ಎರಡು ವಾರ ಉಳಿದಾಗ ಸ್ನಾನದ ಕೋಣೆಯಲ್ಲಿ ಕೂತು ಅತ್ತೆ. ಇದರಲ್ಲಿಯೂ ನಾನು ಲೆಕ್ಕಕ್ಕೆ ಬರದವಳೇ ಎಂದು ತೀರ್ಮಾನಿಸಿಕೊಂಡೆ. ಅವ್ವನಿಗೆ ಗೊತ್ತಾಗಿ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಮುಂದಿಟ್ಟಳು. ಅದನ್ನು ನೋಡಿ ಇನ್ನಷ್ಟು ಅಳು ಬಂತು.

ಆ ಭಾನುವಾರ ಮಿಲ್ಲಿನ ಗೋದಾಮಿನಿಂದ ಲಾರಿಗೆ ತೌಡಿನ ಚೀಲ ತುಂಬುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು ಗಾಲಿ ಒರೆಸುತ್ತಿದ್ದೆ. ತಾತ ಬಾಗಿಲಲ್ಲಿ ನಿಂತಿದ್ದ. ಹಮಾಲಿಯೊಬ್ಬ ಮೊದಲ ಚೀಲ ಹೊತ್ತು ದಾಟಿದ. ತಾತ ಕೈಯನ್ನು ಹಣೆಗೆ ಮುಟ್ಟಿಸಿ "ಲಾಭ" ಎಂದ. ಎರಡನೆಯ ಚೀಲ ಬಂತು. "ಒಂದು" ಎಂದ.

ಹುಟ್ಟಿದಾಗಿನಿಂದ ನೂರಾರು ಸಲ ಕೇಳಿದ ಎಣಿಕೆ ಅದು. ನಮ್ಮ ಸೀಮೆಯಲ್ಲಿ ಧಾನ್ಯ ಅಳೆಯುವಾಗ ಮೊದಲನೆಯದಕ್ಕೆ ಲಾಭ ಎನ್ನುವುದು ವಾಡಿಕೆ, ಎರಡನೆಯದನ್ನು ಎಲ್ಲರೂ ಎರಡು ಎಂದೇ ಎಣಿಸುತ್ತಾರೆ. ತಾತನದು ಮಾತ್ರ ಬೇರೆ ಪದ್ಧತಿ. ಅವನಿಗೆ ಮೊದಲ ಚೀಲ ಅಮರೇಶ್ವರನದು, ದೇವರದ್ದನ್ನು ಮನುಷ್ಯರ ಎಣಿಕೆಗೆ ಸೇರಿಸಬಾರದು. ಎಲ್ಲ ಮುಗಿದ ಮೇಲೆ ಅವನು ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಅವತ್ತೂ ಹೇಳಿದ: "ಐವತ್ತು. ಲಾಭ ಸೇರಿ ಐವತ್ತೊಂದು." ಮಿಲ್ಲಿನ ಲೆಕ್ಕ ಬರೆಯುವ ಮುನ್ಷಿ ಐವತ್ತೊಂದು ಎಂದು ಬರೆದುಕೊಂಡ. ಎಲ್ಲವೂ ಬರೋಬ್ಬರಿ.

ನನ್ನ ಕೈಯಲ್ಲಿದ್ದ ಗಾಲಿ ನಿಂತಿತು. ಚೀಲಗಳ ಎಣಿಕೆಗೆ ಕೊನೆಯಲ್ಲಿ ಲಾಭ ಸೇರಿಸಲು ತಾತ ಇದ್ದ, ಬರೆದುಕೊಳ್ಳಲು ಮುನ್ಷಿ ಇದ್ದ. ನನ್ನ ಸುತ್ತುಗಳಿಗೆ ಯಾರಿದ್ದರು? ಟವೆಲ್ಲು ಹತ್ತಕ್ಕೆ ಬೀಳುತ್ತಿತ್ತು. ಆ ಹತ್ತು ಶುರುವಾಗುತ್ತಿದ್ದದ್ದು ನನ್ನ ಎರಡನೆಯ ಸುತ್ತಿನಿಂದ.

ಮರುದಿನ ಬೆಳಿಗ್ಗೆ ಉಸಿರು ಬಿಗಿಹಿಡಿದು ನಾನೇ ಬೆರಳು ಮಡಚುತ್ತ ಎಣಿಸಿದೆ. ಹನ್ನೊಂದು. ಮೂರು ತಿಂಗಳಿಂದ ನಾನು ಹನ್ನೊಂದು ಸುತ್ತು ಓಡಿ, ಹತ್ತರ ಸಮಯ ಸಾಲದೆಂದು ಅಳುತ್ತಿದ್ದೆ.

ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಹೋಗಿ ಆ ಟವೆಲ್ಲು ಕಿತ್ತುಕೊಂಡು ಬೈಯಬೇಕೆನಿಸಿತು. ತಿರುಗಿ ನೋಡಿದರೆ ತಾತ ಮೂಲೆಯ ಡಬ್ಬಿಯ ಹತ್ತಿರ ಮಂಡಿಯೂರಿ, ನಾನು ಜಾರುವ ಜಾಗದಲ್ಲಿ ಬೆಳೆದ ಪಾಚಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಅವನಿಗೆ ಏನೆಂದು ಹೇಳುವುದು? ತಾತ, ನಿನ್ನ ಎಣಿಕೆ ತಪ್ಪಿದೆ ಎಂದೇ? ಬೇರೆ ಯಾರಿಗಾದರೂ ಅದು ಸಣ್ಣ ಮಾತು. ಅವನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇರಲಿಲ್ಲ. ಸಿಟ್ಟು ಗಂಟಲಲ್ಲೇ ಇಳಿದು ಹೋಯಿತು.

ಅಪ್ಪನಿಗೆ ಬಾಯಿಂದ ಹೇಳುವ ಹಾಗಿರಲಿಲ್ಲ. ನಾನು ಕಿವಿಯಲ್ಲಿ ಹೇಳಿದರೆ ಅವನು ಊರಿಗೇ ಕೇಳುವಂತೆ ಉತ್ತರ ಕೊಡುತ್ತಾನೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಆ ದಿನದ ಸಮಯದ ಕೆಳಗೆ ಬರೆದೆ: ತಾತ ಮೊದಲ ಸುತ್ತನ್ನು ಲಾಭಕ್ಕೆ ಬಿಡುತ್ತಾನೆ. ನಾನು ಓಡುವುದು ಹನ್ನೊಂದು.

ಅಪ್ಪ ಓದಿದ. ಇನ್ನೊಂದು ಸಲ ಓದಿದ. ತಾತನ ಕಡೆ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದ: ಅವನಿಗೆ ಹೇಳಬೇಡ. ಮೊದಲ ಸುತ್ತು ದೇವರದೇ ಆಗಲಿ. ಗಡಿಯಾರ ನಾನು ಆಮೇಲೆ ಒತ್ತುತ್ತೇನೆ. ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದ: ನಿಂತಲ್ಲಿಂದ ಹೊರಡುವುದಕ್ಕೂ ಓಡುತ್ತ ಬರುವುದಕ್ಕೂ ಫರಕು ಇದೆ, ಅದಕ್ಕೆ ಎರಡು ಸೆಕೆಂಡು ಕೂಡಿಸುತ್ತೇನೆ.

ಆ ಎರಡು ಸೆಕೆಂಡಿಗಾಗಿ ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ, ಈಗ ಅಷ್ಟೇ ಅಭಿಮಾನ. ಮಗಳಿಗಾಗಿ ಕೂಡ ಅವನು ಗಡಿಯಾರದ ಲೆಕ್ಕದಲ್ಲಿ ಹುಸಿ ಬರೆಯುವವನಲ್ಲ.

ಹೊಸ ಕ್ರಮದ ಮೊದಲ ದಿನ ಖುಷಿಗೆ ಕಾಲು ನಿಲ್ಲದೆ ಮೂರನೆಯ ಮೂಲೆಯಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡೆ. ಎರಡನೆಯ ದಿನ ಮಳೆ. ಮೂರನೆಯ ದಿನ ಮೊದಲ ಸುತ್ತು ಮುಗಿಸಿ ಗೆರೆಗೆ ಬಂದಾಗ ತಾತ ಹಣೆ ಮುಟ್ಟಿಕೊಂಡ, ಅದೇ ಕ್ಷಣಕ್ಕೆ ಅಪ್ಪ ಮಡಿಲಲ್ಲಿ ಕೈ ಮರೆಮಾಡಿ ಗುಂಡಿ ಒತ್ತಿದ. ಟವೆಲ್ಲು ಬಿದ್ದಾಗ ಎರಡು ನಿಮಿಷ ಇಪ್ಪತ್ತಾರು. ಅಪ್ಪ ಎರಡು ಕೂಡಿಸಿ ಇಪ್ಪತ್ತೆಂಟು ಎಂದು ಬರೆದ. ಆಮೇಲೆ ಮೇಲೆದ್ದು, "ಬಂತು" ಎಂದು ಕೂಗಿದ ಕೂಗಿಗೆ ಆಚೆ ಗದ್ದೆಯ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡಿದರು. ತಾತ ನನ್ನ ತಲೆ ಸವರಿ, ಒಂದೇ ವಾರದಲ್ಲಿ ಹದಿಮೂರು ಸೆಕೆಂಡು ಹೆಂಗ ಇಳಿಸಿದಿ ಯವ್ವಾ ಎಂದು ಕೇಳಿದ. ಅಮರೇಶ್ವರ ಇಳಿಸಿದ ಎಂದೆ. ಅವನು ನಂಬಿದ.

ಟೀಚರ್ ಹೆಸರು ಕಳಿಸಿದರು. ಗುಲಬರ್ಗಾಕ್ಕೆ ಹೊರಡುವ ದಿನ ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದ.

"ಎಣಿಸೋರು ಬ್ಯಾಡೇನು?" ಎಂದ.

ಅಲ್ಲಿ ಎಣಿಸಲು ಅವರ ಜನ ಇರುತ್ತಾರೆ ಎಂದು ಹೇಳಬಹುದಿತ್ತು. ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅವನಿಗೂ ಒಂದು ಟಿಕೆಟ್ ತೆಗೆಸಿದ. ಲಿಂಗಸುಗೂರಿನಲ್ಲಿ ಟೀಚರ್ ಹತ್ತಿದರು. ಗುರುಗುಂಟಾ ಬಂದಾಗ ತಾತ ಕಿಟಕಿಯಿಂದಲೇ ಕೈಮುಗಿದು, ನನ್ನ ಸ್ಕೇಟ್ ಚೀಲವನ್ನೂ ಎತ್ತಿ ದೇವರ ದಿಕ್ಕಿಗೆ ತೋರಿಸಿದ.

ಮರುದಿನ ಬೆಳಿಗ್ಗೆ ಒಂದು ಶಾಲೆಯ ಸಿಮೆಂಟ್ ಅಂಗಳದಲ್ಲಿ ಆಯ್ಕೆ ನಡೆಯಿತು. ಸುಣ್ಣದ ಗೆರೆ, ನೂರು ಮೀಟರಿನ ಸುತ್ತು, ಐದು ಹುಡುಗಿಯರು, ಮೂವರಿಗೆ ಮಾತ್ರ ಜಾಗ. ಉಳಿದ ನಾಲ್ವರ ಸ್ಕೇಟ್‌ಗಳು ಹೊಸವು, ತಲೆಗೆ ಟೊಪ್ಪಿಗೆಗಳಿದ್ದವು. ನನ್ನ ಸ್ಕೇಟಿನ ತುದಿಯಿಂದ ಮಸ್ಕಿಯ ಹತ್ತಿ ಇಣುಕುತ್ತಿತ್ತು. ತಾತ ಹಗ್ಗದ ಆಚೆ ಎಲ್ಲರಿಗಿಂತ ಮುಂದೆ ನಿಂತು ಟವೆಲ್ಲನ್ನು ಮೇಲೆತ್ತಿದ. ಪಕ್ಕದಲ್ಲಿ ಅಪ್ಪ.

ಸೀಟಿ ಊದಿದರು. ಜೀವ ಕೈಯಲ್ಲಿ ಹಿಡಿದು ಓಡಿದೆ. ಏಳನೆಯ ಸುತ್ತಿನವರೆಗೂ ನಾನು ಮೂರನೆಯವಳು. ಎಂಟರಲ್ಲಿ ಬಳ್ಳಾರಿಯ ಕಡೆಯ ಒಬ್ಬಳು ಒಳಗಿನಿಂದ ದಾಟಿ ಹೋದಳು. ಕೊನೆಯ ಸುತ್ತಿಗೆ ಗಂಟೆ ಬಾರಿಸಿದಾಗ ಅವಳ ಬೆನ್ನು ನನ್ನ ಕೈಗೆ ಸಿಗುವಷ್ಟು ಹತ್ತಿರ ಇತ್ತು, ಸಿಗಲಿಲ್ಲ. ನಾಲ್ಕನೆಯವಳಾಗಿ ಗೆರೆ ದಾಟಿದೆ. ಮುಗಿದಿತ್ತು. ಮುಂದಿನ ಮೂವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಆಗ ನನ್ನ ಕಣ್ಣು ರೂಢಿಯಂತೆ ಕೆಂಪು ಟವೆಲ್ಲನ್ನು ಹುಡುಕಿತು. ಅದು ಇನ್ನೂ ಮೇಲೆಯೇ ಇತ್ತು. ತಾತನ ಎಣಿಕೆಯಲ್ಲಿ ಒಂಬತ್ತು. ಪಕ್ಕದವರು ಯಾರೋ ಮುಗಿಯಿತು ಯಜಮಾನರೇ ಎಂದು ಅವನ ತೋಳು ಮುಟ್ಟಿ ನಗುತ್ತಿದ್ದರು. ತಾತ ಅವರ ಕೈ ಕೊಡವಿ, ನನ್ನನ್ನೇ ನೋಡುತ್ತ ಕೂಗಿದ.

"ಇನ್ನೊಂದು ಐತಿ ಯವ್ವಾ, ನಿಂದರಬ್ಯಾಡ."

ನಾನು ನಿಲ್ಲಬಹುದಿತ್ತು. ಅಭ್ಯಾಸಬಲದಿಂದ ಹಾಗಾಯಿತು ಎಂದು ಆಮೇಲೆ ಟೀಚರಿಗೆ ಹೇಳಿದೆ, ಅದು ಸುಳ್ಳು. ನಾನು ನಿಂತರೆ ಆ ಜನರ ನಡುವೆ ಅವನ ಎಣಿಕೆ ತಪ್ಪುತ್ತಿತ್ತು. ಅದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದ ಆಗಲಿಲ್ಲ. ತಲೆ ತಗ್ಗಿಸಿ, ಮೊದಲ ಸುತ್ತಿನಷ್ಟೇ ಜೋರಾಗಿ ಹೊರಟೆ. ಹಿಂದಿನಿಂದ ಸೀಟಿ ಊದಿದರು. ಸಿಂಧನೂರಿನವಳಿಗೆ ಎಣಿಸಲೂ ಬರುವುದಿಲ್ಲ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಖಾಲಿ ಅಂಗಳದಲ್ಲಿ ಒಬ್ಬಳೇ ನಾಲ್ಕು ಮೂಲೆ ತಿರುಗಿ ಬಂದು ಗೆರೆ ದಾಟಿದೆ. ಟವೆಲ್ಲು ಬಿತ್ತು. ತಾತ ನಗುತ್ತಿದ್ದ. ನಾನೂ ನಕ್ಕೆ, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಪ್ಪ ಮುಖ ಆಚೆ ತಿರುಗಿಸಿದ್ದ.

ಟೀಚರ್ ತಮ್ಮ ಗಡಿಯಾರ ತೋರಿಸಿದರು. ಎರಡು ನಿಮಿಷ ಇಪ್ಪತ್ತನಾಲ್ಕು. ಆಯ್ಕೆಯಾಗದಿದ್ದರೂ ನೀನು ನಗೆಪಾಟಲಾಗಲಿಲ್ಲ ಎನ್ನಲು ಹೊರಟು, ಕೊನೆಯ ಸುತ್ತು ನೆನಪಾಗಿ, ಅರ್ಧಕ್ಕೆ ನಿಲ್ಲಿಸಿ ನನ್ನನ್ನು ತಬ್ಬಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ತಾತ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಕೂತಿದ್ದ. ಒಮ್ಮೆ ಎಣಿಸಿ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಲಿಂಗಸುಗೂರಿನಲ್ಲಿ ಟೀಚರ್ ಇಳಿದುಹೋದರು. ಹೊತ್ತು ಇಳಿಯುವಾಗ ಮಸ್ಕಿಗೆ ಬಂದೆವು. ಬಸ್ಸು ಹತ್ತು ನಿಮಿಷ ನಿಲ್ಲುತ್ತದೆಂದು ಅಪ್ಪ ಚಹಾ ತರಲು ಇಳಿದ.

"ಉಳದ ಹುಡಿಗೇರು ಹತ್ತು ಓಡ್ಯಾರ," ಎಂದ ತಾತ, ನನ್ನ ಕಡೆ ನೋಡದೆ. "ನೀ ಹನ್ನೊಂದು ಓಡೀದಿ."

ಹೂಂ ಎಂದೆ.

"ಹಂಗಾರ ಮಿಲ್ಲಿನ್ಯಾಗ?"

ನಾನು ಸ್ಕೇಟ್ ಚೀಲದ ದಾರವನ್ನು ಬಿಗಿಯಾಗಿ ಎಳೆದೆ.

"ಮೂರು ತಿಂಗಳು ಹನ್ನೊಂದು ಓಡಿಸೀನಿ ನಿನಗ. ಹೇಳಬೇಕಿಲ್ಲೇನವ್ವಾ?"

"ಹೆಂಗ ಹೇಳ್ಲಿ ತಾತಾ," ಎಂದೆ.

ಆ ಹೆಚ್ಚಿನ ಸುತ್ತಿನಿಂದಲೇ ನನ್ನ ಕಾಲು ಗಟ್ಟಿಯಾದದ್ದು, ಅದಿಲ್ಲದಿದ್ದರೆ ಇಪ್ಪತ್ತನಾಲ್ಕು ಬರುತ್ತಲೇ ಇರಲಿಲ್ಲ ಎಂದು ಏನೇನೋ ಹೇಳಿದೆ. ಅದು ನಿಜವೂ ಆಗಿತ್ತು. ಅವನು ಕೇಳಿಸಿಕೊಳ್ಳಲಿಲ್ಲ. ಅಪ್ಪ ತಂದ ಚಹಾ ಅವನ ಕೈಯಲ್ಲೇ ಆರಿತು. ಸಿಂಧನೂರು ಬರುವವರೆಗೂ ಟವೆಲ್ಲನ್ನು ಮಡಚಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆಯ್ಕೆಯಾಗದ ದುಃಖ ನನಗೆ ಆ ದಾರಿಯಲ್ಲಿ ನೆನಪೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಮುಂಗಾರಿನ ಮೊದಲ ಭತ್ತ ಬಂತು, ಗೊರೇಬಾಳದ ಎರಡು ಟ್ರ್ಯಾಕ್ಟರು. ಕಣದ ಮೂಲೆಯ ಡಬ್ಬಿಗಳನ್ನು ಯಾರೋ ಆಗಲೇ ಎತ್ತಿಟ್ಟಿದ್ದರು. ತಾತ ಎಂದಿನ ಜಾಗದಲ್ಲಿ ನಿಂತಿದ್ದ, ಹೆಗಲ ಮೇಲೆ ಟವೆಲ್ಲು ಇರಲಿಲ್ಲ. ನಾನು ಶಾಲೆಯ ಚೀಲ ಹಿಡಿದು ಕಟ್ಟೆಯ ಹತ್ತಿರ ನಿಂತೆ. ಹಮಾಲಿ ಮೊದಲ ಚೀಲ ಹೊತ್ತು ತಾತನ ಮುಂದೆ ಬಂದ.

ತಾತನ ಕೈ ಹಣೆಗೆ ಹೋಗಲಿಲ್ಲ. "ಒಂದು," ಎಂದ.

ಹಮಾಲಿ ಹೊರೆ ಹೊತ್ತವನು ಹಾಗೆಯೇ ನಿಂತುಬಿಟ್ಟ. ಹಿಂದಿನವರೂ ನಿಂತರು. ಮುನ್ಷಿ ಪೆನ್ನು ಎತ್ತಿ ನೋಡಿದ. ತಾತ ಮುಂದೆ ಹೋಗು ಎಂಬಂತೆ ಕೈಮಾಡಿದ, ತಲೆ ಎತ್ತಲಿಲ್ಲ.

ಇಂಜಿನ್ನಿನ ಕೋಣೆಯ ಬಾಗಿಲಲ್ಲಿ ಅಪ್ಪ ಎಣ್ಣೆ ಒರೆಸುವ ಅರಿವೆ ಹಿಡಿದು ನಿಂತಿದ್ದ. ಅವನಿಗೆ ಅಷ್ಟು ದೂರದಿಂದ ತಾತ ಅಂದದ್ದು ಕೇಳಿಸಿರಲು ಸಾಧ್ಯವಿಲ್ಲ. ಕೈ ಹಣೆಗೆ ಹೋಗದ್ದನ್ನು ಮಾತ್ರ ಕಂಡಿದ್ದ. ಅಪ್ಪ ಕೂಗಿದ. ಊರಿಗೇ ಕೇಳುವ ಆ ದನಿಯ ಬಗ್ಗೆ ಯಾವಾಗಲೂ ನಾಚಿಕೆಪಡುತ್ತಿದ್ದ ನಾನು, ಅವತ್ತು ಅದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

"ಅಮರಪ್ಪ ಮಾವ, ದೇವರ ಚೀಲ ಬಿಟ್ಟಿ ನೋಡು. ಲಾಭ ಅನ್ನು."

ಹಮಾಲಿ ಚೀಲದೊಂದಿಗೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಹೊಸದಾಗಿ ದಾಟಿ ಬಂದ. ತಾತನ ಕೈ ನಿಧಾನವಾಗಿ ಹಣೆಗೆ ಹೋಯಿತು.

"ಲಾಭ," ಎಂದ.

ಎರಡನೆಯ ಚೀಲ ಬಂತು. ಅವನ ತುಟಿ ಆಡಿತು, ದನಿ ಹೊರಡಲಿಲ್ಲ. ನಾನು ಕಟ್ಟೆಯಿಂದ ಇಳಿದು ಹೋಗಿ ಅವನ ಪಕ್ಕದಲ್ಲಿ ನಿಂತು, ಅವನ ಪರವಾಗಿ, ಎಲ್ಲರಿಗೂ ಕೇಳುವಂತೆ ಒಂದು ಎಂದೆ.